ವಕೀಲಿಯೂ ಸಮಾಜವೂ: ದಿವಾನ್ ಬಹದ್ದೂರ್ ಅಣ್ಣಾಸಾಹೇಬ ಲಠ್ಠೆ

ಬೀದರಿನ ಜಿಲ್ಲಾ ಕೋರ್ಟಿನಲ್ಲಿ, ಭಾಲ್ಕಿ ಮತ್ತು ಔರಾದಿನ ಕೋರ್ಟುಗಳಲ್ಲಿ ವಕೀಲಿ ಮಾಡುವ ನಮ್ಮ ಸಮಾಜದ ತರುಣರ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಬೆಳಗ್ಗೆ ಜಿನಮಂದಿರಕ್ಕೆ ಹೋಗೋಣವೆಂದರೆ ಕೇಸಿನ ಕಾಗದ ಓದಬೇಕು. ಸಂಜೆ ಸೂರ್ಯ ಮುಳುಗುವ ಮೊದಲು ಊಟ ಮುಗಿಸೋಣವೆಂದರೆ ಕಕ್ಷಿದಾರರು ಬರುವ ಹೊತ್ತು ಅದೇ. ಇನ್ನು ಸಮಾಜದ ಸಭೆಗೆ ಬನ್ನಿ ಎಂದರೆ ನಾಳೆ ವಾದ ಇದೆ ಎನ್ನುತ್ತಾರೆ. ಕೆಲಸ ಮೊದಲು, ಮಿಕ್ಕಿದ್ದು ಆಮೇಲೆ ಎನ್ನುವವರು ಅಣ್ಣಾಸಾಹೇಬ ಲಠ್ಠೆ ಅವರ ಜೀವನವನ್ನು ಒಮ್ಮೆ ನೋಡಬೇಕು.

ಅಣ್ಣಾಸಾಹೇಬ ಬಾಬಾಜಿ ಲಠ್ಠೆ ಅವರು 1878ರಲ್ಲಿ ಕುರುಂದವಾಡದಲ್ಲಿ ಹುಟ್ಟಿದರು. ಬೆಳಗಾವಿ, ಕೊಲ್ಲಾಪುರ, ಸಾಂಗಲಿಯ ಆ ಕಡೆಯ ಸೀಮೆಯಲ್ಲಿಯೂ ನಮ್ಮ ಔರಾದ್, ಭಾಲ್ಕಿಯಂತೆ ಜನರು ಕನ್ನಡ, ಮರಾಠಿ ಎರಡನ್ನೂ ಬಲ್ಲವರು. ಆಗ ಅಲ್ಲಿಯ ಜೈನರಲ್ಲಿ ಹೆಚ್ಚಿನವರು ಒಕ್ಕಲುತನದವರು. ಓದಿದವರು ಬೆರಳೆಣಿಕೆಯಷ್ಟೇ. ಅಂಥ ಕಾಲದಲ್ಲಿ ಅವರು ಎಂ.ಎ. ಮತ್ತು ಎಲ್ಎಲ್.ಬಿ. ಎರಡನ್ನೂ ಪಾಸು ಮಾಡಿದರು.

ಓದು ಮುಗಿಯಲಿ, ಸಂಪಾದನೆ ಆಗಲಿ, ಆಮೇಲೆ ಸಮಾಜಸೇವೆ ಎಂದು ಅವರು ಕಾಯಲಿಲ್ಲ. 1899ರಲ್ಲಿ ನಿಪ್ಪಾಣಿ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಯಿತು. ಅದನ್ನು ಕಟ್ಟಿದವರಲ್ಲಿ ಲಠ್ಠೆಯವರೂ ಒಬ್ಬರು. ಆಗ ಅವರಿಗೆ ಇಪ್ಪತ್ತು ದಾಟಿದ್ದಷ್ಟೇ. ಜೈನ ಧರ್ಮದ ಪರಿಚಯ ಮಾಡಿಕೊಡುವ ಇಂಗ್ಲಿಷ್ ಪುಸ್ತಕವೊಂದನ್ನು ಬರೆದು 1905ರಲ್ಲಿ ಪ್ರಕಟಿಸಿದರು. ಮುಂದೆ ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಕಾಲೇಜಿನ ಕೆಲಸದ ಜೊತೆಗೇ ಅಲ್ಲಿಯ ಜೈನ ಬೋರ್ಡಿಂಗಿನ ಮೇಲ್ವಿಚಾರಣೆಯನ್ನೂ ನೋಡಿಕೊಂಡರು. ಹಳ್ಳಿಗಳಿಂದ ಬಂದ ರೈತರ ಮಕ್ಕಳು ಅಲ್ಲಿದ್ದು ಓದುತ್ತಿದ್ದರು.

ಆ ಬೋರ್ಡಿಂಗಿನಲ್ಲಿ ಕುಂಭೋಜದ ಒಬ್ಬ ಹುಡುಗನಿದ್ದ. ಹೆಸರು ಭಾವೂರಾವ್ ಪಾಟೀಲ. ಅಸ್ಪೃಶ್ಯರೆನಿಸಿದ್ದ ಮಕ್ಕಳಿಗಾಗಿ ಕೊಲ್ಲಾಪುರದಲ್ಲಿ 1908ರಲ್ಲಿ ಒಂದು ವಸತಿಗೃಹ ಆರಂಭವಾದಾಗ ಭಾವೂರಾವ್ ಆ ಸಮಾರಂಭಕ್ಕೆ ಹೋಗಿ ಬಂದ. ಸ್ನಾನ ಮಾಡಿ ಒಳಗೆ ಬಾ ಎಂದು ಅವನಿಗೆ ತಾಕೀತಾಯಿತು. ಅವನು ಒಪ್ಪಲಿಲ್ಲ. ಲಠ್ಠೆಯವರು ಅವನನ್ನು ಬೋರ್ಡಿಂಗಿನಿಂದ ಹೊರಗೆ ಹಾಕಿದರು. ಇಂದು ನೋಡಿದರೆ ಹುಡುಗ ಮಾಡಿದ್ದು ಸರಿ, ಲಠ್ಠೆಯವರು ಮಾಡಿದ್ದು ತಪ್ಪು. ದೊಡ್ಡವರ ಜೀವನ ಹೇಳುವಾಗ ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಕೆಲವು ವರ್ಷ ಕಳೆದವು. 1914ರಲ್ಲಿ ಕೊಲ್ಲಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಶಯ ಲಠ್ಠೆಯವರ ಮೇಲೆ ಬಂತು. ಅವರ ವಿರುದ್ಧ ಸಾಕ್ಷಿ ಬೇಕಾಯಿತು. ಆಗ ಹಿಡಿದದ್ದು ಭಾವೂರಾವ್ ಅವರನ್ನು. ತನ್ನನ್ನು ಹೊರಹಾಕಿದವರ ಮೇಲೆ ಇವನಿಗೆ ಸಿಟ್ಟು ಇದ್ದೇ ಇರುತ್ತದೆ, ಹೇಳಿದಂತೆ ಸಾಕ್ಷಿ ನುಡಿಯುತ್ತಾನೆ ಎಂದು ಎಣಿಸುವುದು ಸುಲಭವಾಗಿತ್ತು. ಆದರೆ ಭಾವೂರಾವ್ ಸುಳ್ಳು ಸಾಕ್ಷಿ ಹೇಳಲು ಒಪ್ಪಲಿಲ್ಲ. ಅವರನ್ನು ಸೆರೆಯಲ್ಲಿಟ್ಟರು, ಹಿಂಸೆ ಕೊಟ್ಟರು. ಆದರೂ ಮಾತು ಬದಲಿಸಲಿಲ್ಲ. ಸತ್ಯಾಣುವ್ರತ ಎಂದು ಪ್ರವಚನದಲ್ಲಿ ಕೇಳುತ್ತೇವೆ. ಅದನ್ನು ಸೆರೆಮನೆಯಲ್ಲಿ ಪಾಲಿಸಿ ತೋರಿಸಿದವರು ಇವರು. ಇದೇ ಭಾವೂರಾವ್ ಮುಂದೆ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ ಕರ್ಮವೀರರೆನಿಸಿದರು. ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಸೂರಿನ ಕೆಳಗೆ ಕೂಡಿಸಿ ಓದಿಸಿದರು.

ವಕೀಲರು ಇಲ್ಲಿ ಒಂದು ವಿಷಯ ಗಮನಿಸಬೇಕು. ಲಠ್ಠೆಯವರು ಕಾನೂನು ಬಲ್ಲವರು. ಆದರೆ ಕಷ್ಟಕಾಲದಲ್ಲಿ ಅವರ ಪರ ನಿಂತದ್ದು ಕಾನೂನಿನ ಪುಸ್ತಕವಲ್ಲ. ಸಂಬಳವಿಲ್ಲದ ಕೆಲಸದಲ್ಲಿ, ಬೋರ್ಡಿಂಗಿನ ಅಂಗಳದಲ್ಲಿ ಕಂಡ ಒಬ್ಬ ಹುಡುಗ. ಅವನೊಡನೆ ಜಗಳವಾಗಿತ್ತು ನಿಜ, ಸಂಬಂಧ ಸತ್ತಿರಲಿಲ್ಲ.

ಆಮೇಲೆ ಲಠ್ಠೆಯವರು ಕೊಲ್ಲಾಪುರ ಬಿಟ್ಟು ಬೆಳಗಾವಿಗೆ ಬಂದು ವಕೀಲಿ ನಡೆಸಿದರು. ಮೂವತ್ತೈದು ದಾಟಿದ ವಯಸ್ಸಿನಲ್ಲಿ ಹೊಸ ಊರಿನಲ್ಲಿ ಹೆಸರು ಮಾಡಬೇಕು. ಅಂಥವರು ಹಗಲು ರಾತ್ರಿ ಕೇಸುಗಳಲ್ಲೇ ಮುಳುಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಜೈನ ಸಭೆಯ ಕೆಲಸ ಬಿಡಲಿಲ್ಲ. ಹಿಂದುಳಿದವರ ಶಿಕ್ಷಣದ ಪರವಾದ ಚಳವಳಿಯಲ್ಲಿ ದುಡಿದರು. 1920ರ ಚುನಾವಣೆಯಲ್ಲಿ ಕೇಂದ್ರ ಶಾಸನಸಭೆಗೆ ಆಯ್ಕೆಯಾದರು. ಛತ್ರಪತಿ ಶಾಹೂ ಮಹಾರಾಜರು 1922ರಲ್ಲಿ ತೀರಿಕೊಂಡ ಮೇಲೆ ಅವರ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದು 1924ರಲ್ಲಿ ಹೊರತಂದರು. ಯಾವ ಸಂಸ್ಥಾನದಲ್ಲಿ ತನ್ನ ಮೇಲೆ ಸಂಶಯ ಬಂದಿತ್ತೋ ಅದರ ದೊರೆಯ ಒಳ್ಳೆಯ ಕೆಲಸವನ್ನು ಮನಸ್ಸಿಟ್ಟು ಬರೆಯಲು ದ್ವೇಷ ಬಿಟ್ಟಿರಬೇಕು. ಮುಂದೆ ಅದೇ ಕೊಲ್ಲಾಪುರ ಅವರನ್ನು ದಿವಾನರನ್ನಾಗಿ ಕರೆಸಿಕೊಂಡಿತು.

1937ರಲ್ಲಿ ಬಿ.ಜಿ. ಖೇರ್ ಅವರ ಮಂತ್ರಿಮಂಡಲದಲ್ಲಿ ಮುಂಬೈ ಪ್ರಾಂತ್ಯದ ಹಣಕಾಸು ಮಂತ್ರಿಯಾದರು. ಬೆಳಗಾವಿ, ಧಾರವಾಡ, ವಿಜಯಪುರ ಆಗ ಆ ಪ್ರಾಂತ್ಯದಲ್ಲೇ ಇದ್ದವು. ನಮ್ಮ ಬೀದರ್ ನಿಜಾಮರ ಆಳ್ವಿಕೆಯಲ್ಲಿತ್ತು. 1939ರಲ್ಲಿ ಮುಂಬೈ ನಗರದಲ್ಲಿ ಮದ್ಯಪಾನ ನಿಷೇಧ ಬಂತು. ಅಬಕಾರಿ ಆದಾಯ ಹೋದರೆ ಬೊಕ್ಕಸ ತುಂಬುವುದು ಹೇಗೆ? ನಗರದ ಕಟ್ಟಡಗಳ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ನೂರಕ್ಕೆ 10ರಂತೆ ತೆರಿಗೆ ಹಾಕಿದರು. ಆಸ್ತಿವಂತರು ಹೈಕೋರ್ಟಿಗೆ ಹೋದರು. ಹೈಕೋರ್ಟು ಆ ತೆರಿಗೆಯನ್ನು ಎತ್ತಿಹಿಡಿಯಿತು. ಮದ್ಯತ್ಯಾಗವನ್ನು ಮೂಲಗುಣವೆಂದು ತಿಳಿದ ಮನೆಯಲ್ಲಿ ಬೆಳೆದವರು ಹೆಂಡದ ಹಣವಿಲ್ಲದೆ ಸರ್ಕಾರ ನಡೆಸುವ ದಾರಿ ಹುಡುಕಿದರು.

ಲಠ್ಠೆಯವರು 1950ರಲ್ಲಿ ತೀರಿಕೊಂಡರು. ಸಾಂಗಲಿಯಲ್ಲಿ ಅವರ ಹೆಸರಿನ ಶಿಕ್ಷಣ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಅವರು ಬೆಳಗಾವಿಯಲ್ಲಿ ಗೆದ್ದ ಕೇಸುಗಳನ್ನು ಇಂದು ಯಾರೂ ನೆನೆಯುವುದಿಲ್ಲ. ನೆನೆಯುವುದು ಸ್ತವನಿಧಿಯಲ್ಲಿ ಹುಟ್ಟಿದ ಸಭೆಯನ್ನು, ಬೋರ್ಡಿಂಗನ್ನು, ಬರೆದ ಪುಸ್ತಕಗಳನ್ನು.

ಶ್ರಾವಕನಿಗೆ ಪರಿಗ್ರಹ ಪರಿಮಾಣ ಎಂಬ ವ್ರತವಿದೆ. ಹಣ, ಹೊಲ, ಮನೆ ಇಷ್ಟೇ ಸಾಕು ಎಂದು ಮಿತಿ ಹಾಕಿಕೊಳ್ಳುವುದು. ಕೇಸುಗಳಿಗೂ ಅಂಥ ಮಿತಿ ಇರಬಹುದು. ಸಂಜೆಯ ಊಟಕ್ಕೆ ಮನೆಗೆ, ವಾರಕ್ಕೊಮ್ಮೆಯಾದರೂ ಮಂದಿರಕ್ಕೆ, ತಿಂಗಳಿಗೊಮ್ಮೆ ಸಮಾಜದ ಮಕ್ಕಳ ಓದಿಗೆ ಹೊತ್ತು ತೆಗೆದಿಟ್ಟರೆ ವಕೀಲಿ ಕೆಡುವುದಿಲ್ಲ. ಆ ಹೊತ್ತಿನಲ್ಲಿ ಸಿಗುವ ಮನುಷ್ಯರೇ ನಾಳೆ ನಮ್ಮ ಪರ ನಿಜ ಹೇಳುವವರು.

ಜೈ ಜಿನೇಂದ್ರ.