ಗೆರೆಯ ಲೆಕ್ಕ ಮತ್ತು ಸರ್ ಮಿರ್ಜಾ ಇಸ್ಮಾಯಿಲರು

ಮಳವಳ್ಳಿಯ ಬಳಿಯ ನಮ್ಮ ಮನೆಯ ಹಿಂಗೋಡೆಯ ಮೇಲೆ ಇದ್ದಿಲಿನ ಗೆರೆಗಳಿವೆ. ಅಕ್ಷರವರಿಯದ ನಮ್ಮ ತಂದೆಯವರು ಕಬ್ಬಿನ ಗಾಡಿ ಹೊರಟಾಗಲೆಲ್ಲ ಒಂದು ಗೆರೆ ಎಳೆಯುತ್ತಾರೆ. ಒಂದು ವರ್ಷ ಕಬ್ಬು ಕೊಂಡವರ ಚೀಟಿಯಲ್ಲಿ ಒಂದು ಗಾಡಿ ಕಡಮೆಯಿತ್ತು. ನಾನು ಚೀಟಿ ಓದಿದೆ, ಅವರು ಗೆರೆ ಎಣಿಸಿದರು. ನನ್ನ ಕಾಲೇಜಿನ ಶುಲ್ಕ ಉಳಿಯಿತು. ಲೆಕ್ಕದ ಬೆಲೆಯನ್ನು ನಾನು ಅರಿತದ್ದು ಅಂದು. ಸರ್ ಮಿರ್ಜಾ ಇಸ್ಮಾಯಿಲರ ಜೀವನ ನನ್ನನ್ನು ಸೆಳೆದುದೂ ಆದುದರಿಂದಲೇ.

ಅವರು 1883ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಾತ ಅಲಿ ಅಸ್ಕರರು ಪರ್ಷಿಯಾದಿಂದ ಬಂದ ಕುದುರೆ ವ್ಯಾಪಾರಿಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದ ಮಿರ್ಜಾ ಅವರು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು.

ಅವರ ಕಾಲದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯ ಮೂಲಕ ನಮ್ಮ ಸೀಮೆಗೆ ಹರಿಯಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ನೀರು ಬಂದರೆ ಸಾಲದು, ಬೆಳೆದ ಕಬ್ಬಿಗೆ ಗಿರಾಕಿ ಬೇಕಷ್ಟೆ? 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ನರು ಅದಕ್ಕಾಗಿ ಬಹಳ ದುಡಿದರು.

ಸರ್ಕಾರ ಅಲ್ಲಿ ಹಣವನ್ನು ದಾನ ಮಾಡಲಿಲ್ಲ, ಷೇರು ಕೊಂಡಿತು, ರೈತರೂ ಷೇರುದಾರರಾದರು. ದಾನಕ್ಕೆ ಲೆಕ್ಕ ಕೇಳುವವರಿಲ್ಲ. ಷೇರಿಗೆ ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು. ನಾಲೆಯಲ್ಲಿ ನೀರೆಷ್ಟು, ಕಬ್ಬು ಎಷ್ಟು ಎಕರೆ, ಕಟಾವು ಯಾವಾಗ, ಟನ್ನಿಗೆ ಸಕ್ಕರೆ ಎಷ್ಟು ಎಂಬುದು ತಿಳಿಯದೆ ಇಂತಹ ಕಾರ್ಖಾನೆಗೆ ಹಣ ಹೂಡುವುದು ಕತ್ತಲಲ್ಲಿ ಬಿತ್ತಿದಂತೆ. ಕಡಿದ ಕಬ್ಬು ಕಾದಷ್ಟೂ ಸಕ್ಕರೆ ಇಳಿಯುತ್ತದೆ. ಆ ನಷ್ಟ ಎಲ್ಲ ಪಾಲುಗಾರರದು.

ಮುಂದೆ 1936ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದರ ವಿಮಾನ ಕಂಪನಿ ಬೆಂಗಳೂರಿನಲ್ಲಿ ಆರಂಭವಾದಾಗ ಸಂಸ್ಥಾನ ಅದರಲ್ಲಿಯೂ ಪಾಲು ಹಾಕಿತು. ಅದೇ ವರ್ಷ ನಮ್ಮ ತಾಲ್ಲೂಕಿನ ಶಿಂಷಾಪುರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು.

ಆದರೆ ಒಂದು ಮಾತನ್ನು ಮರೆಮಾಚಲಾರೆ. ಷೇರುದಾರನು ಕಂಪನಿಯಿಂದ ಪಡೆಯಬಹುದಾಗಿದ್ದ ಲೆಕ್ಕವನ್ನು ಪ್ರಜೆ ಸರ್ಕಾರದಿಂದ ಪಡೆಯುವಂತಿರಲಿಲ್ಲ. ಜವಾಬ್ದಾರಿ ಸರ್ಕಾರವನ್ನು ಬೇಡುತ್ತಿದ್ದ ಜನರು 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಹಾರಿಸಹೊರಟಾಗ ಮಿರ್ಜಾ ಅವರ ಸರ್ಕಾರ ಅದನ್ನು ನಿಷೇಧಿಸಿತು. ಅವರ ಹಿರಿಮೆಯ ಜೊತೆಗೆ ಇದನ್ನೂ ಬರೆದಿಡಬೇಕು. ಜಮೆಯನ್ನಷ್ಟೇ ಬರೆದರೆ ಲೆಕ್ಕವಾಗದು.

ಸರ್ ಮಿರ್ಜಾ 1959ರಲ್ಲಿ ತೀರಿಕೊಂಡರು. ಈ ಬೇಸಗೆಯಲ್ಲಿ ನಾನು ತಂದೆಯವರಿಗೆ ಗೆರೆಯ ಪಕ್ಕದಲ್ಲಿ ಅಂಕಿ ಬರೆಯಲು ಕಲಿಸುತ್ತಿದ್ದೇನೆ. ಏಳರವರೆಗೆ ಬಂದಿದ್ದಾರೆ.