ಓಪಲ್ ಕಲ್ಲಿಗೆ ಬಣ್ಣ ಎಲ್ಲಿಂದ ಬಂತು? ಸರ್ ಸಿ.ವಿ. ರಾಮನ್ ಕಂಡಿದ್ದೇನು, ತಪ್ಪಿದ್ದೆಲ್ಲಿ?

ಫೆಬ್ರವರಿ 28 ಬಂದರೆ ಸಾಕು, ಅದು ಸರ್ ಸಿ.ವಿ. ರಾಮನ್ ಹುಟ್ಟಿದ ದಿನ ಎಂಬ ಫಾರ್ವರ್ಡ್‌ಗಳು ಹರಿದಾಡುತ್ತವೆ. ಇದು ತಪ್ಪು. ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಫೆಬ್ರವರಿ 28 ಎಂಬುದು 1928ರಲ್ಲಿ ಕೋಲ್ಕತ್ತದಲ್ಲಿ ರಾಮನ್ ಪರಿಣಾಮ ಪತ್ತೆಯಾದ ದಿನ. ಆ ಕೆಲಸಕ್ಕೆ 1930ರಲ್ಲಿ ನೊಬೆಲ್ ಬಂತು.

ಇಷ್ಟು ಹಲವರಿಗೆ ಗೊತ್ತು. ನಾವು ಇಲ್ಲಿ ಹೇಳಹೊರಟಿರುವುದು ಬೆಂಗಳೂರಿನ ರಾಮನ್ ಬಗ್ಗೆ. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1948ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ತಾವೇ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ವಜ್ರ, ಮುತ್ತು, ಓಪಲ್‌ಗಳ ಬೆನ್ನು ಹತ್ತಿದರು.

ಓಪಲ್ ಕಲ್ಲನ್ನು ಅತ್ತಿತ್ತ ತಿರುಗಿಸಿದರೆ ಕೆಂಪು, ಹಸಿರು, ನೀಲಿ ಮಿನುಗುತ್ತವೆ. ಈ ಮಿನುಗು ಯಾವ ಬಣ್ಣದ ಪುಡಿಯದ್ದೂ ಅಲ್ಲ. ಕಲ್ಲಿನಲ್ಲಿರುವುದು ಮುಖ್ಯವಾಗಿ ಸಿಲಿಕಾ, ಜೊತೆಗೆ ಸ್ವಲ್ಪ ನೀರು. 1953ರಲ್ಲಿ ರಾಮನ್ ಮತ್ತು ಎ. ಜಯರಾಮನ್ ಎಕ್ಸ್-ರೇ ಮೂಲಕ ಪರೀಕ್ಷಿಸಿ, ಒಳಗಿನ ಕ್ರಮಬದ್ಧ ರಚನೆಯೇ ಬಣ್ಣಕ್ಕೆ ಕಾರಣ ಎಂದರು. ಆ ರಚನೆ ಎರಡು ಬಗೆಯ ಸಿಲಿಕಾದ ತೆಳು ಪದರಗಳದ್ದು ಎಂಬುದು ಅವರ ವಿವರಣೆ.

ಮೊದಲ ಮಾತು ಸರಿ, ಎರಡನೆಯದು ತಪ್ಪು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಪುಟ್ಟ ಪುಟ್ಟ ಗುಂಡುಗಳು. ಒಂದೊಂದರ ಅಗಲ ಸುಮಾರು 150ರಿಂದ 300 ನ್ಯಾನೋಮೀಟರ್. ಒಂದು ಮಿಲಿಮೀಟರ್ ಎಂದರೆ 10 ಲಕ್ಷ ನ್ಯಾನೋಮೀಟರ್!

ಇವನ್ನು ಯಾರೂ ಜೋಡಿಸಿದ್ದಲ್ಲ. ನೀರಿನಲ್ಲಿದ್ದ ಒಂದೇ ಗಾತ್ರದ ಕಣಗಳು ನಿಧಾನವಾಗಿ ತಳಕ್ಕಿಳಿದು, ಹಣ್ಣಿನಂಗಡಿಯ ಕಿತ್ತಳೆ ರಾಶಿಯಂತೆ ತಾವೇ ಸಾಲಾಗಿ ಕೂತವು. ಸಾಲುಗಳ ನಡುವಿನ ಅಂತರ ಬೆಳಕಿನ ಅಲೆಯ ಉದ್ದಕ್ಕೆ ಹತ್ತಿರವಿರುವುದರಿಂದ ಒಂದೊಂದು ಕೋನದಲ್ಲಿ ಒಂದೊಂದು ಬಣ್ಣ ಹೊಮ್ಮುತ್ತದೆ. ಗುಂಡು ದೊಡ್ಡದಾದರೆ ಕೆಂಪೂ ಕಾಣುತ್ತದೆ, ಚಿಕ್ಕದಾದರೆ ನೀಲಿಯಷ್ಟೇ. ಕಣಗಳು ಅಡ್ಡಾದಿಡ್ಡಿ ಬಿದ್ದ ಸಾಮಾನ್ಯ ಓಪಲ್‌ನಲ್ಲಿ ಈ ಮಿನುಗು ಇರುವುದಿಲ್ಲ. ಕಣಗಳು ತಾವೇ ಜೋಡಣೆಯಾಗುವ ಇದೇ ಗುಣ ಬಳಸಿ ಇಂದು ಪ್ರಯೋಗಾಲಯಗಳಲ್ಲೂ ನ್ಯಾನೋಕಣಗಳ ಹರಳು ಬೆಳೆಸುತ್ತಾರೆ.

ಹಾಗಾದರೆ ರಾಮನ್ ಸೋತರೇ? ಇಲ್ಲ. ಬಣ್ಣಕ್ಕೆ ಒಳಗಿನ ಜೋಡಣೆಯೇ ಕಾರಣ ಎಂಬ ಅವರ ಮಾತು ಉಳಿಯಿತು, ಪದರದ ಲೆಕ್ಕ ಬಿದ್ದುಹೋಯಿತು. ನೊಬೆಲ್ ಪಡೆದವರ ಮಾತನ್ನೂ ವಿಜ್ಞಾನ ಪರೀಕ್ಷಿಸದೆ ಬಿಡುವುದಿಲ್ಲ. ಹಾಗಿರುವಾಗ ದೊಡ್ಡ ವಿಜ್ಞಾನಿ ಹೇಳಿದ್ದಾರೆ ಎಂಬ ಒಂದೇ ಸಾಲಿನ ಫಾರ್ವರ್ಡ್ ನಂಬುವ ಮೊದಲು ನಾವೂ ಸಾಕ್ಷ್ಯ ಕೇಳಬೇಕು.

ರಾಮನ್ 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಸಂಗ್ರಹಿಸಿದ ಕಲ್ಲು, ಹರಳುಗಳು ಅವರ ಸಂಸ್ಥೆಯಲ್ಲಿ ಈಗಲೂ ಇವೆ.