ಜಾನ್ಸೆನ್ ಕಂಡ ನೀರಾವಿ ಯಾರದು?

ಪ್ರತಿ ಆಗಸ್ಟ್ 18ಕ್ಕೆ ನನ್ನ ವಾಟ್ಸಾಪ್‌ಗೆ ಒಂದು ಫಾರ್ವರ್ಡ್ ಬಂದೇ ಬರುತ್ತದೆ: 1868ರಲ್ಲಿ ನಮ್ಮ ಗುಂಟೂರಿನಲ್ಲಿ ಹೀಲಿಯಂ ಪತ್ತೆಯಾಯ್ತು, ಪತ್ತೆ ಮಾಡಿದ್ದು ಫ್ರಾನ್ಸಿನ ಜೂಲ್ಸ್ ಜಾನ್ಸೆನ್ ಅಂತ. ಅರ್ಧ ನಿಜ. ಅಂದಿನ ಗ್ರಹಣದಲ್ಲಿ ಆತ ಸೂರ್ಯನ ಅಂಚಿನ ಜ್ವಾಲೆಗಳ ರೋಹಿತ ನೋಡಿದ್ದು ಹೌದು. ಗ್ರಹಣವಿಲ್ಲದಿದ್ದರೂ ಅವನ್ನು ನೋಡಬಹುದು ಎಂದು ಮಾರನೇ ದಿನವೇ ತೋರಿಸಿದ್ದೂ ಹೌದು. ಆದರೆ ಅಲ್ಲಿನ ಹಳದಿ ಗೆರೆ ಹೊಸ ಧಾತುವಿನದು ಎಂದು ವಾದಿಸಿದ್ದು ಇಂಗ್ಲೆಂಡಿನ ನಾರ್ಮನ್ ಲಾಕ್ಯರ್. (1871ರ ಗ್ರಹಣಕ್ಕೆ ಲಾಕ್ಯರ್ ಬಂದಿದ್ದು ಆಗ ದಕ್ಷಿಣ ಕೆನರಾಕ್ಕೆ ಸೇರಿದ್ದ ಬೇಕಲ ಕೋಟೆಗೆ, ಜಾನ್ಸೆನ್ ಬಂದಿದ್ದು ನೀಲಗಿರಿಗೆ.)

ನನಗೆ ಜಾನ್ಸೆನ್ ಮುಖ್ಯ ಅನ್ನಿಸೋದು ಹೀಲಿಯಂನಿಂದಲ್ಲ, ನೀರಿನಿಂದ.

ಹುಟ್ಟಿದ್ದು 1824ರಲ್ಲಿ, ಪ್ಯಾರಿಸ್‌ನಲ್ಲಿ. ಚಿಕ್ಕವನಿದ್ದಾಗ ಕಾಲಿಗೆ ಪೆಟ್ಟಾಗಿ ಜೀವನವಿಡೀ ಕುಂಟುತ್ತಲೇ ನಡೆದ. ಶಾಲೆಗೆ ಹೋಗಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ, ತಡವಾಗಿ ಓದಿಗೆ ಬಿದ್ದ. ಸೂರ್ಯನ ರೋಹಿತದಲ್ಲಿ ಕಾಣುವ ಕಪ್ಪು ಗೆರೆಗಳಲ್ಲಿ ಕೆಲವು ಸೂರ್ಯನವಲ್ಲ, ನಮ್ಮದೇ ಗಾಳಿಯವು ಅನ್ನೋದು ಆತನ ತಲೆ ಹೊಕ್ಕ ವಿಷಯ. ಸೂರ್ಯ ದಿಗಂತಕ್ಕೆ ಇಳಿದಷ್ಟೂ ಆ ಗೆರೆಗಳು ದಪ್ಪವಾಗುತ್ತವೆ. ಗಾಳಿಯಲ್ಲಿ ಏನಿದ್ದರೆ ಹೀಗಾಗುತ್ತೆ?

1866ರಲ್ಲಿ ಆತ ಪ್ಯಾರಿಸ್ಸಿನ ಲಾ ವಿಲೆಟ್ ಗ್ಯಾಸ್ ಕಾರ್ಖಾನೆಯಲ್ಲಿ 37 ಮೀಟರ್ ಉದ್ದದ ಕಬ್ಬಿಣದ ಕೊಳವೆ ಹಿಡಿದ. ಅದಕ್ಕೆ ಒತ್ತಡದಲ್ಲಿ ಹಬೆ ತುಂಬಿಸಿ, ಒಂದು ತುದಿಯಲ್ಲಿ ದೀಪ ಇಟ್ಟು, ಇನ್ನೊಂದು ತುದಿಯಲ್ಲಿ ಕಣ್ಣಿಟ್ಟು ಕೂತ. ಅವೇ ಗೆರೆಗಳು! ಆಕಾಶದಲ್ಲಿ ಕಂಡಿದ್ದು ನೀರಾವಿಯ ಸಹಿ. ಇಂಜಿನಿಯರಿಂಗ್ ಓದುವಾಗ ರೆಕಾರ್ಡ್ ಬುಕ್ಕಿನಲ್ಲಿ ಉತ್ತರ ಮೊದಲು ಬರೆದು, ರೀಡಿಂಗ್ ಆಮೇಲೆ ತುಂಬಿಸುತ್ತಿದ್ದ ನಮ್ಮ ಬ್ಯಾಚಿಗೆ ಈ ಕೊಳವೆಯ ಕಥೆ ಯಾರಾದರೂ ಹೇಳಬೇಕಿತ್ತು.

ಮರುವರ್ಷ ಸಿಸಿಲಿಯ ಎಟ್ನಾ ಜ್ವಾಲಾಮುಖಿ ಹತ್ತಿದ. ಎತ್ತರ ಹೋದಷ್ಟೂ ಗಾಳಿ ತೆಳು, ಒಣ. ನಮ್ಮ ನೀರಾವಿಯ ಕಾಟ ಕಡಿಮೆ. ಅಲ್ಲಿಂದ ಮಂಗಳವನ್ನು ನೋಡಿ, ನೀರಾವಿ ಇದೆ ಎಂದು ಘೋಷಿಸಿದ. ಶನಿಯಲ್ಲೂ ಇದೆ ಅಂದ.

ಇಷ್ಟಕ್ಕೂ ಈತ ಅವಸರದ, ಪುಕ್ಕಲು ಮನುಷ್ಯನಲ್ಲ. 1870ರಲ್ಲಿ ಪ್ರಷ್ಯಾದ ಸೇನೆ ಪ್ಯಾರಿಸ್‌ಗೆ ಮುತ್ತಿಗೆ ಹಾಕಿದಾಗ ಶತ್ರುವಿನಿಂದ ರಹದಾರಿ ಕೊಡಿಸಲು ಇಂಗ್ಲಿಷ್ ವಿಜ್ಞಾನಿಗಳು ಮುಂದಾದರು. ಆತ ಒಲ್ಲೆ ಎಂದು ಡಿಸೆಂಬರ್ 2ರ ಬೆಳಗಿನ ಜಾವ ‘ವೋಲ್ಟಾ’ ಎಂಬ ಬಲೂನ್ ಹತ್ತಿ, ಉಪಕರಣಗಳ ಸಮೇತ ಸೇನೆಯ ತಲೆ ಮೇಲೇ ಹಾರಿಹೋದ. ಗುರಿ ಅಲ್ಜೀರಿಯಾದ ಓರಾನ್, ಅಲ್ಲಿನ ಗ್ರಹಣ. ಮುಟ್ಟಿದ. ಗ್ರಹಣದ ಹೊತ್ತಿಗೆ ಮೋಡ ಕವಿಯಿತು. (ಆ ಓರಾನ್ ಆಗ ಫ್ರಾನ್ಸಿನ ವಸಾಹತು, ಗುಂಟೂರು ಬ್ರಿಟಿಷರದು. ಈ ಖಗೋಳಯಾತ್ರೆಗಳ ನಕ್ಷೆ ಸಾಮ್ರಾಜ್ಯಗಳ ನಕ್ಷೆಯೂ ಹೌದು. ಫಾರ್ವರ್ಡ್‌ನಲ್ಲಿ ಅದು ಇರಲ್ಲ.)

1894ರಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ ವಿಲಿಯಂ ಕ್ಯಾಂಪ್‌ಬೆಲ್, ಆಗಿನ್ನೂ 32 ವರ್ಷ, ಒಂದು ಸರಳ ಕೆಲಸ ಮಾಡಿದ. ಚಂದ್ರನಲ್ಲಿ ಗಾಳಿಯೇ ಇಲ್ಲ. ಹಾಗಾದರೆ ಮಂಗಳದ ರೋಹಿತವನ್ನು ಚಂದ್ರನದರ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಾಣಬೇಕಲ್ಲ? ಕಾಣಲಿಲ್ಲ. ಹಿರಿಯರು ಕಂಡಿದ್ದು ಬಹುಪಾಲು ಭೂಮಿಯದೇ ನೀರಾವಿ. ಎಪ್ಪತ್ತು ದಾಟಿದ ಜಾನ್ಸೆನ್ ಬಗ್ಗಲಿಲ್ಲ, 1895ರಲ್ಲಿ ತನ್ನ ಹಳೇ ಮಾತನ್ನೇ ಮತ್ತೆ ಸಮರ್ಥಿಸಿಕೊಂಡ. ನನಗೆ ಇಲ್ಲಿ ಬೇಜಾರಾಗುತ್ತದೆ. ನಮ್ಮ ಗಾಳಿ ಅಡ್ಡ ಬರುತ್ತೆ ಅಂತ ಜಗತ್ತಿಗೆ ಕಲಿಸಿದವನೇ ಅದರಲ್ಲಿ ಸಿಕ್ಕಿಬಿದ್ದ. 1893ರಲ್ಲಿ, 69ರ ವಯಸ್ಸಿನಲ್ಲಿ, ತನ್ನನ್ನು ಎಳೆಸಿಕೊಂಡು, ಹೊರಿಸಿಕೊಂಡು ಮೋಂ ಬ್ಲಾಂ ಶಿಖರಕ್ಕೆ ಹೋಗಿ ಹಿಮದ ಮೇಲೇ ವೀಕ್ಷಣಾಲಯ ಕಟ್ಟಿಸಿದ್ದು ಸಹ ಅದೇ ಗಾಳಿಯಿಂದ ತಪ್ಪಿಸಿಕೊಳ್ಳಲಿಕ್ಕೆ. 1907ರಲ್ಲಿ ಆತ ತೀರಿಕೊಂಡ. ಕಟ್ಟಡ ಹಿಮದೊಳಗೆ ಕುಸಿಯುತ್ತಾ ಹೋಗಿ 1909ರಲ್ಲಿ ಅದನ್ನು ಕಳಚಬೇಕಾಯ್ತು.

ಮಂಗಳದಲ್ಲಿ ನೀರಾವಿ ಇರೋದು ನಿಜ. 1963ರಲ್ಲಿ ಗೊತ್ತಾಯಿತು. ಅಷ್ಟನ್ನೂ ನೀರಾಗಿಸಿ ಹರಡಿದರೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ದಪ್ಪದ ಪದರ ಆಗುತ್ತೆ, ಅಷ್ಟೇ. ಜಾನ್ಸೆನ್ ಕಣ್ಣಿಗೆ ಅದು ಬೀಳುವ ಸಾಧ್ಯತೆಯೇ ಇರಲಿಲ್ಲ. ಉತ್ತರ ಸರಿ, ಸಾಕ್ಷಿ ತಪ್ಪು.

ಗಾಳಿಯ ಕಾಟ ಪೂರ್ತಿ ತಪ್ಪಿಸೋಕೆ ಒಂದೇ ದಾರಿ, ದೂರದರ್ಶಕವನ್ನೇ ಗಾಳಿಯಾಚೆಗೆ ಕಳಿಸೋದು. ಹರ್ಷಲ್ ದೂರದರ್ಶಕ ಸೀರಿಸ್ ಎಂಬ ಕುಬ್ಜ ಗ್ರಹದ ಸುತ್ತ ನೀರಾವಿ ಕಂಡಿದ್ದು 2014ರಲ್ಲಿ ಪ್ರಕಟವಾಯ್ತು. ಶನಿಯ ಎನ್ಸೆಲಾಡಸ್ ಚಂದ್ರ ಸುಮಾರು 500 ಕಿ.ಮೀ. ಅಗಲದ್ದು, ಅದರಿಂದ ಚಿಮ್ಮುವ ನೀರಾವಿ 9,600 ಕಿ.ಮೀ.ಗೂ ಹೆಚ್ಚು ದೂರ ಹಬ್ಬಿರೋದನ್ನು 2023ರಲ್ಲಿ ಜೇಮ್ಸ್ ವೆಬ್ ತೋರಿಸಿತು.

ಹಾಗಂತ ಕಥೆ ಮುಗಿದಿಲ್ಲ. 2019ರಲ್ಲಿ ಹಬಲ್ ದತ್ತಾಂಶದಿಂದ ಕೆ2-18ಬಿ ಎಂಬ ದೂರದ ಗ್ರಹದಲ್ಲಿ ನೀರಾವಿ ಸಿಕ್ಕಿತು ಎಂದು ಸುದ್ದಿಯಾದಾಗ ನಾನೂ ಕುಣಿದಾಡಿ ಬರೆದಿದ್ದೆ. 2023ರಲ್ಲಿ ವೆಬ್ ನೋಡಿದಾಗ ಸ್ಪಷ್ಟವಾಗಿ ಸಿಕ್ಕಿದ್ದು ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್. ಹಬಲ್‌ಗೆ ನೀರಿನಂತೆ ಕಂಡಿದ್ದು ಮೀಥೇನೇ ಇರಬಹುದು. ಆ ಹಳೇ ಬರಹದ ತಲೆಬರಹ ಬದಲಿಸಿ, ಕೆಳಗೆ ತಿದ್ದುಪಡಿ ಹಾಕಿದೆ. ಶೇರ್ ಮಾಡಿದವರು ಹಳೆಯದನ್ನೇ ಇನ್ನೂ ಕಳಿಸುತ್ತಿದ್ದಾರೆ.